ನಾನಿಲ್ಲದಿದ್ದರೂ ನಡೆಯುವ ಕಾರ್ಯ

ಬಾಬಣ್ಣನ ಫಜೀತಿಗೆಲ್ಲ ಮೂಲ ಆರುನೂರು ಸೀರೆಗಳ ಫೋಟೊ. ಬೆಟಗೇರಿಯ ನೇಕಾರರ ಸಂಘದಲ್ಲಿ ಕಂಪ್ಯೂಟರ್ ಬಲ್ಲವನು ಅವನೊಬ್ಬನೇ. ಫೋಟೊಗಳನ್ನೆಲ್ಲ ಚಿಕ್ಕದು ಮಾಡಿ ಸಂಜೆ ಐದರೊಳಗೆ ಪ್ರದರ್ಶನದವರಿಗೆ ಕಳಿಸಬೇಕಿತ್ತು. ಅದೇ ದಿನ ಮಧ್ಯಾಹ್ನ ಎರಡಕ್ಕೆ ಶಿರಹಟ್ಟಿಯಲ್ಲಿ ಹೆಂಡತಿ ರೋಹಿಣಿಯ ಕುಬಸ. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಗಂಡನ ಪಕ್ಕ ಕೂಡಿಸಿ ಆರತಿ ಎತ್ತುವ ಸಂಭ್ರಮ.

"ಆರತಿ ಹೊತ್ತಿಗೆ ನೀವು ನನ್ನ ಬಾಜೂಕ ಇರಬೇಕು. ಇಲ್ಲಂದ್ರ ನೋಡ್ರಿ ಮತ್ತ," ಎಂದು ತವರಿಗೆ ಹೋಗುವಾಗಲೇ ಅವಳು ಬೆರಳು ತೋರಿಸಿದ್ದಳು.

ಸಂಘದ ಅಧ್ಯಕ್ಷ ಉಡಚಪ್ಪನವರಿಗೆ ರಜೆ ಎಂಬ ಶಬ್ದವೇ ಆಗದು. "ಸಂಘದ ಕಾರ್ಯ ಮುಗಸು, ಆಮ್ಯಾಲೆ ಎಲ್ಲಿಗರೆ ಹೋಗು," ಎಂದರು. ಭಾಷಣ ಮಾಡಿ ಮಾಡಿ ಅವರ ಬಾಯಲ್ಲಿ ಕೆಲಸವೆಲ್ಲ ಕಾರ್ಯವಾಗಿತ್ತು. ಸಂಘದವರಿಗೆಲ್ಲ ಅದೇ ಚಟ ಹತ್ತಿತ್ತು.

ಬಾಬಣ್ಣ ಬೆಳಗ್ಗೆ ಒಂಬತ್ತಕ್ಕೇ ಕಂಪ್ಯೂಟರಿನ ಕಪ್ಪು ಕಿಟಕಿ ತೆರೆದು ಫೋಟೊ ಚಿಕ್ಕದು ಮಾಡುವ ಆಜ್ಞೆ ಟೈಪ್ ಮಾಡಿದ. ಫೋಟೊಗಳು ಒಂದೊಂದಾಗಿ ಸಾಗತೊಡಗಿದವು. ಚಹಾ ಕುಡಿದು ಬರುವಷ್ಟರಲ್ಲಿ ಕಿಟಕಿಯೇ ಇಲ್ಲ! ಅಧ್ಯಕ್ಷರು ಕೂತು ಪತ್ರ ಬರೆಯುತ್ತಿದ್ದರು.

"ಕರೀ ಹಲಗಿ ಖಾಲಿ ಕಂಡತು, ಮುಚ್ಚಿಬಿಟ್ಟೆ."

"ಅದನ್ನ ಮುಚ್ಚಿದ್ರ ಒಳಗಿನ ಕೆಲಸನೂ ಸಾಯ್ತೈತ್ರಿ ಸಾಹೇಬ್ರ!"

"ಮತ್ತ ಇರೂದು ಒಂದ ಕಂಪ್ಯೂಟರ್. ನಾ ಪತ್ರ ಎಲ್ಲಿ ಬರೀಲಿ?"

ಬಾಬಣ್ಣ ಮತ್ತೆ ಮೊದಲಿನಿಂದ ಶುರು ಮಾಡಿದ. ಈ ಸಲ ಕಂಟ್ರೋಲ್ ಗುಂಡಿಯ ಜೊತೆ ಝಡ್ ಒತ್ತಿದ. "ಕಾರ್ಯ ಹಿಂದ ಹೋತ್ರಿ. ಮುಂದ ನೀವು ಪತ್ರ ಬರೀರಿ," ಎಂದು ಜಂಬದಿಂದ ಎದ್ದ.

ಸ್ವಲ್ಪ ಹೊತ್ತಿಗೆ ಕಸ ಗುಡಿಸುತ್ತಿದ್ದ ಗದಿಗೆವ್ವ ಮೇಜಿನ ಕೆಳಗಿಂದ ಕೂಗಿದಳು. "ಎಪ್ಪಾ ಬಾಬಣ್ಣ, ಈ ಕಂಪ್ಯೂಟರ್ ಡಬ್ಬಿ ದೀಪ ಮಿಣಮಿಣ ಅನ್ನವಲ್ದು ನೋಡು. ದುಡಿಯೂ ಮುಂದ ಸುಮ್ಮ ಇರೂದಿಲ್ಲ ಅದು."

ಬಾಬಣ್ಣ ಓಡಿಬಂದು ನೋಡಿದ. ಕೆಲಸ ಹಿಂದೆ ಹೋಗಿದ್ದು ನಿಜ. ಆದರೆ 'ಏಳ್ರಿ ಊಟಕ್ಕ' ಅನ್ನುವವರಿಲ್ಲದೆ ಪಡಸಾಲೆಯಲ್ಲಿ ಕೂತ ಬೀಗನ ಹಾಗೆ ಅಲ್ಲಿ ಸುಮ್ಮನೆ ನಿಂತುಬಿಟ್ಟಿತ್ತು! ಅವಸರದಲ್ಲಿ 'ಬಿಜಿ' ಎಂಬ ಎರಡಕ್ಷರ ಹೊಡೆದ, ಅಂದರೆ ಹಿಂದೆ ಇದ್ದುಕೊಂಡೇ ದುಡಿ ಎಂದು. ದೀಪ ಮಿಣುಕಿತು. ಅದರ ಮೇಲೆ 'ಡಿಸ್‌ಓನ್' ಎಂದು ಬರೆದ. ಅಂದರೆ, ಇನ್ನು ಇದಕ್ಕೂ ಈ ಕಿಟಕಿಗೂ ಸಂಬಂಧವಿಲ್ಲ, ಕಿಟಕಿ ಮುಚ್ಚಿದರೂ ಇದು ಬದುಕುತ್ತದೆ. ಉಸಿರು ಹಿಡಿದು ಕಿಟಕಿ ಮುಚ್ಚಿದ. ದೀಪ ಮಿಣುಕುತ್ತಲೇ ಇತ್ತು. ಎಲ್ಲ ಮುಗಿದ ಮೇಲೆ ಫೋಟೊಗಳನ್ನು ತಾನೇ ಕಳಿಸಿ, ಬಾಬಣ್ಣನ ಫೋನಿಗೆ ಮೆಸೇಜ್ ಹಾಕುವ ಆಜ್ಞೆಯೂ ಅದರಲ್ಲಿತ್ತು.

"ಯವ್ವಾ, ಇವತ್ತ ನನ್ನ ಸಂಸಾರ ಉಳಿಸಿದಿ," ಎಂದ ಬಾಬಣ್ಣ. ಗದಿಗೆವ್ವನ ಕಾಲು ಮುಟ್ಟಲು ಹೋದರೆ ಅವಳು ಕಸಬರಿಗೆ ಅಡ್ಡ ಹಿಡಿದಳು.

ಅಧ್ಯಕ್ಷರಿಗೆ ಮಾತ್ರ ಅನುಮಾನ. "ನೀ ಇರಲಿಲ್ಲಂದ್ರೂ ಕಾರ್ಯ ನಡೀತೈತೇನು?"

"ನಡೀತೈತ್ರಿ!"

"ಹಂಗಾರ ಹೋಗು."

ಗದಗ ಬಸ್ ಸ್ಟ್ಯಾಂಡಿನಲ್ಲಿ ಶಿರಹಟ್ಟಿ ಬಸ್ಸಿಗೆ ಜೋತುಬಿದ್ದು ಬಾಬಣ್ಣ ಖುಷಿಯಲ್ಲಿ ರೋಹಿಣಿಗೆ ಫೋನ್ ಮಾಡಿದ. ಎತ್ತಿದ್ದು ಅತ್ತೆ ಬನಶಂಕರೆವ್ವ.

"ಅತ್ತೀ, ನಾ ಇರಲಿಲ್ಲಂದ್ರೂ ಕಾರ್ಯ ನಡೀತೈತ್ರಿ! ಚಿಂತಿ ಮಾಡಬ್ಯಾಡ್ರಿ!"

"ನಾ ಹೊಂಟೀನಿ" ಎಂದದ್ದನ್ನು ಬಸ್ಸಿನ ಹಾರ್ನ್ ನುಂಗಿಹಾಕಿತು.

ಒಂದೂವರೆಗೇ ಬೆವರು ಒರೆಸಿಕೊಳ್ಳುತ್ತ ಮಾವನ ಮನೆ ಹೊಕ್ಕ. ಆಗಲೇ ಊಟದ ಎಲೆ ಎತ್ತುತ್ತಿದ್ದರು. ರೋಹಿಣಿ ಹಸಿರು ಸೀರೆಯಲ್ಲಿ ಕೂತಿದ್ದಳು. ಪಕ್ಕದ ಕುರ್ಚಿಯ ಮೇಲೆ ಬಾಬಣ್ಣನ ಮದುವೆಯ ಫೋಟೊ ಇತ್ತು. ಗಾಜಿನ ಮೇಲೆ ಕುಂಕುಮ, ಅಕ್ಷತೆ.

"ಬರ್ರಿ ಅಳಿಯಾರ!" ಬನಶಂಕರೆವ್ವ ಎರಡೂ ಕೈ ಜೋಡಿಸಿದಳು. "ಮೊದಲ ಹೇಳಿದ್ದು ಭಾಳ ಉಪಕಾರ ಆತು ನೋಡ್ರಿ. ಮಂದಿ ಹಸದಿದ್ರು. ಕಾಯೂದು ತಪ್ಪಿತು, ಜಲ್ದಿ ಕಾರ್ಯ ಮುಗಿಸಿದ್ವಿ."

ಬಂದ ಹೆಂಗಸರೆಲ್ಲ ಇಂಥ ಅಳಿಯ ಸಿಗಲು ಪುಣ್ಯ ಬೇಕೆಂದರು. ಅದೇ ಹೊತ್ತಿಗೆ ಬಾಬಣ್ಣನ ಫೋನ್ ಗುಂಯ್ ಎಂದಿತು. ಫೋಟೊಗಳೆಲ್ಲ ಹೋಗಿ ಮುಟ್ಟಿದ್ದವು. ಅವನು ಮೆಲ್ಲಗೆ ರೋಹಿಣಿಯತ್ತ ತಿರುಗಿದ.

"ನನಗೂ ಭಾಳ ಉಪಕಾರ ಆತ್ರಿ," ಎಂದಳು ಅವಳು ನಗುನಗುತ್ತಲೇ. "ಹೆರಿಗಿಗೂ ಬರೂ ತ್ರಾಸ ತಗೋಬ್ಯಾಡ್ರಿ. ಮುಗದ ಮ್ಯಾಲೆ ಮೆಸೇಜ್ ಬರತೈತಿ."