ಐವರ್ನಾಡಿನ ವೀಸಾ

ಬೆಲ್ಲ ನೀರು ಕೊಟ್ಟದ್ದೇ ತಪ್ಪಾಯಿತು.

ಜಗಲಿಗೆ ಯಾರೇ ಬರಲಿ, ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು ಕೊಡುವುದು ಐವರ್ನಾಡಿನ ತ್ಯಾಂಪಣ್ಣನ ಮನೆಯ ಕ್ರಮ. ಸೈಕಲ್ಲಿನ ಗಾಳಿ ಹೋಗಿ, ಏಳು ಸಮುದ್ರ ದಾಟಿ ಬಂದು ಕಡೆಗೆ ಗದ್ದೆಯ ತೋಡಿನಲ್ಲಿ ಕಾಲು ಜಾರಿದ ರಾಜಕುಮಾರನಂತೆ ಆ ಸಂಜೆ ಅಂಗಳದಲ್ಲಿ ನಿಂತಿದ್ದ ಬಿಳಿಯನಿಗೂ ಕೊಟ್ಟ. ಬೆಲ್ಲ ತಿಂದವನನ್ನು ಊಟ ಹಾಕದೆ ಕಳಿಸುವುದುಂಟೆ? ಉಂಡವನನ್ನು ಕತ್ತಲೆಗೆ ಅಟ್ಟುವುದುಂಟೆ? ವಾಲ್ಟರ್ ಎಂಬ ಆ ಜರ್ಮನಿಯವನಿಗೆ ಜಗಲಿಯಲ್ಲೇ ಚಾಪೆ ಬಿತ್ತು. ಮೈಸೂರಿನಲ್ಲಿ ಪುಸ್ತಕ ಓದಿ ಕನ್ನಡ ಕಲಿತವನು; ಮಲಗುವ ಮುಂಚೆ ಕೈಮುಗಿದು, "ತಮ್ಮ ಔದಾರ್ಯಕ್ಕೆ ನಾನು ಚಿರಋಣಿ" ಎಂದ.

ತ್ಯಾಂಪಣ್ಣನ ಹೆಂಡತಿ ವಾರಿಜಾಕ್ಷಿಗೆ ಗಾಬರಿ. "ಅವರಿಗೆ ಹೊಟ್ಟೆನೋವಾ ಕೇಳಿ ನೋಡಿ."

ಮರುದಿನ ಬೆಳಿಗ್ಗೆ ಊರ ದೈವದ ಉತ್ಸವವಾದ ನೇಮಕ್ಕೆ ಬಾಳೆಗೊನೆ ಕಡಿದರು. ಗೊನೆ ಕಡಿದ ಮೇಲೆ ನೇಮ ಮುಗಿಯುವವರೆಗೆ ಊರವರು ಯಾರೂ ಗಡಿಯಾಚೆ ರಾತ್ರಿ ಕಳೆಯುವಂತಿಲ್ಲ. ಅದರ ಮೇಲೆ ಈ ಸಲ ದೈವದ ಮುಂದೆ ದೀವಟಿಗೆ ಹಿಡಿಯುವ ಸರದಿ ತ್ಯಾಂಪಣ್ಣನ ಮನೆಯದು. ಅವನ ಅಪ್ಪ ಹಿಡಿದ ಮೇಲೆ ಈಗಲೇ ಬಂದದ್ದು. ಅದಕ್ಕೆಂದೇ ಅವನು ಮದುಮಗನ ಹಾಗೆ ಹೊಸ ಬಿಳಿ ಮುಂಡು ಒಗೆದು ಮಡಚಿಟ್ಟಿದ್ದ.

ಗೊನೆ ಕಡಿದು ಮನೆಗೆ ಬಂದರೆ, ನೆರೆಯ ರಬ್ಬರ್ ತೋಟದ ಪೈಲಿ ಅಂಗಳದಲ್ಲಿ ಹಾಜರು. ಜನ ಕುವೈಟಿಗೆ ಹೋಗಲು ಶುರುಮಾಡಿದ ಕಾಲ ಅದು. ಪೈಲಿಯ ಭಾವನೂ ಅಲ್ಲಿದ್ದ. ಹಾಗಾಗಿ ಊರಿನಲ್ಲಿ ವೀಸಾದ ವಿಷಯಕ್ಕೆ ಪೈಲಿಯೇ ಪಂಡಿತ.

"ತ್ಯಾಂಪಣ್ಣ, ಇವನ ವೀಸಾ ನೋಡಿದ್ದೀರಾ?"

"ಮುಖ ನೋಡಿದ್ದೇನೆ."

"ಮುಖ ಸಾಕಾ ಮಾರಾಯ್ರೆ? ಫಾರಿನ್ನಿನವರನ್ನು ಮನೆಯಲ್ಲಿ ಇಟ್ಟುಕೊಂಡ್ರೆ ಠಾಣೆಗೆ ಹೇಳ್ಬೇಕು. ಕುವೈಟಿನಲ್ಲಾದ್ರೆ ಇಷ್ಟೊತ್ತಿಗೆ ನಿಮ್ಮನ್ನು ಒಂಟೆಗೆ ಕಟ್ಟಿ ಎಳೀತಿದ್ರು!"

ತ್ಯಾಂಪಣ್ಣ ವಾಲ್ಟರನ ಸೈಕಲ್ ಎತ್ತಿ ಮಾರ್ಗಕ್ಕೆ ಇಡುವಷ್ಟರಲ್ಲಿ ನೇಮ ನಡೆಸುವ ಗುತ್ತಿನ ಮನೆಯ ಯಜಮಾನ ಸಂಕಪ್ಪ ಅಡ್ಡ ಬಂದರು. "ಎಲ್ಲಿಗೆ ಕಳಿಸುದು? ಗೊನೆ ಕಡಿಯುವಾಗ ಊರಲ್ಲಿ ಇದ್ದವ ಊರವನೇ. ನೇಮ ಮುಗಿಯದೆ ಬಿಡ್ಲಿಕ್ಕಿಲ್ಲ."

"ಪೊಲೀಸರು ಹಿಡಿದ್ರೆ ಯಜಮಾನ್ರೆ?"

"ಪೊಲೀಸರು ಬೇಕಾದ್ರೆ ಹಿಡೀಲಿ. ದೈವ ಹಿಡೀಬಾರ್ದು."

ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಂತಾದ ಗಂಡನಿಗೆ ವಾರಿಜಾಕ್ಷಿಯೇ ದಾರಿ ತೋರಿಸಿದಳು. "ಇವರನ್ನು ಕರ್ಕೊಂಡು ಪೇಟೆಗೆ ಹೋಗಿ. ಠಾಣೆಯಲ್ಲಿ ಒಮ್ಮೆ ಮುಖ ತೋರಿಸಿ, ದೀಪ ಹಚ್ಚುವ ಮೊದಲು ಬನ್ನಿ. ಮಲಗ್ಬಾರ್ದು ಅಂತ ಉಂಟು, ಹೋಗ್ಬಾರ್ದು ಅಂತ ಇಲ್ವಲ್ಲ?"

ಠಾಣೆಯಲ್ಲಿ ದಫೇದಾರರು ವಾಲ್ಟರನ ಪಾಸ್‌ಪೋರ್ಟನ್ನು ಜಾತಕದಂತೆ ತಿರುವಿ ನೋಡಿದರು. "ಎಲ್ಲಿಂದ ಬಂದದ್ದು? ಎಂತ ಕೆಲಸ? ಎಷ್ಟು ದಿವಸ ಇರುದು?"

"ಜರ್ಮನಿಯಿಂದ, ಪ್ರವಾಸಾರ್ಥವಾಗಿ ಆಗಮಿಸಿದ್ದೇನೆ. ವೀಸಾ ಇನ್ನೂ ಒಂದು ತಿಂಗಳಿದೆ."

ದಫೇದಾರರು ಎದ್ದು ಅವನಿಗೆ ಕುರ್ಚಿ ಹಾಕಿಸಿದರು. ಆಮೇಲೆ ತ್ಯಾಂಪಣ್ಣನ ಕಡೆ ತಿರುಗಿದರು. "ಇವರದ್ದು ಎಲ್ಲ ಸರಿ ಉಂಟು. ನೀವು ಯಾರು?"

"ತ್ಯಾಂಪಣ್ಣ. ಇವರು ನಮ್ಮಲ್ಲೇ ಇರುದು."

"ತ್ಯಾಂಪಣ್ಣ ಅನ್ಲಿಕ್ಕೆ ಕೈಯಲ್ಲಿ ಎಂತ ಉಂಟು?"

ಕೈಯಲ್ಲಿ ಕೊಡೆ ಇತ್ತು.

ವಾಲ್ಟರ್ ಎದ್ದು ನಿಂತ. "ಇವರು ತ್ಯಾಂಪಣ್ಣನವರೇ ಎಂಬುದಕ್ಕೆ ನಾನು ಸಾಕ್ಷಿ."

"ಹೊರದೇಶದವರ ಸಾಕ್ಷಿ ಆಗುದಿಲ್ಲ ಸರ್. ಸಾಹೇಬ್ರು ಬಂದೋಬಸ್ತಿಗೆ ಹೋಗಿದ್ದಾರೆ. ಈಗ ಬರ್ತಾರೆ. ಅವರ ಎದುರು ಇವರು ರುಜು ಹಾಕಿ ಹೋಗ್ಲಿ."

ಸಾಹೇಬರು ಬರಲಿಲ್ಲ. ಅಜ್ಜಿಕತೆಯ ರಾಕ್ಷಸಿ ಎಳೆದುಕೊಂಡು ಹೋದಂತೆ ಠಾಣೆಯ ಅಂಗಳದ ಬಿಸಿಲು ಸದ್ದಿಲ್ಲದೆ ಸರಿಯಿತು. ಊರಿಗೆ ಹೋಗುವ ಕಡೆಯ ಬಸ್ಸು ಹಾರ್ನ್ ಹಾಕಿತು. ತ್ಯಾಂಪಣ್ಣ ವಾಲ್ಟರನ ಬೆನ್ನಿಗೆ ಕೈಕೊಟ್ಟು ದೂಡಿದ.

"ಓಡಿ ಮಾರಾಯ್ರೆ! ನೀವು ಹೊರಗೆ ಉಳಿದ್ರೆ ದೈವ ಕೇಳುದು ನನ್ನನ್ನು!"

ವಾಲ್ಟರನನ್ನು ಹತ್ತಿಸಿಕೊಂಡು ಬಸ್ಸು ಹೋಯಿತು. ಸಾಹೇಬರು ಬಂದದ್ದು ಬೆಳಿಗ್ಗೆ. ಬೆಂಚಿನಲ್ಲಿ ಮುದುಡಿ ಕುಳಿತವನನ್ನು ಕಂಡದ್ದೇ, "ಅರೆ, ಐವರ್ನಾಡಿನ ತ್ಯಾಂಪಣ್ಣ ಅಲ್ವಾ! ಇವರನ್ನು ಯಾಕೆ ಕೂರಿಸಿದ್ದು?" ಎಂದರು.

ಮೊದಲ ಬಸ್ಸಿಳಿದು ತ್ಯಾಂಪಣ್ಣ ಗಡಿಕಲ್ಲಿನ ಹತ್ತಿರ ಬಂದರೆ, ಅಲ್ಲಿ ಸಂಕಪ್ಪ, ಪೈಲಿ, ಅವರ ನಡುವೆ ವಾಲ್ಟರ್. ವಾಲ್ಟರ್ ಥೇಟು ದಫೇದಾರರಂತೆ ಕೈ ಎತ್ತಿದ. ಮೈಸೂರು ಕಲಿಸಲಾರದ ಕನ್ನಡವನ್ನು ಐವರ್ನಾಡು ಒಂದೇ ರಾತ್ರಿಯಲ್ಲಿ ಕಲಿಸಿತ್ತು.

"ನಿಲ್ಲಿ ಮಾರಾಯ್ರೆ. ಎಲ್ಲಿಂದ ಬಂದದ್ದು? ರಾತ್ರಿ ಎಲ್ಲಿ ಇದ್ದದ್ದು?"

ತ್ಯಾಂಪಣ್ಣ ಕೊಡೆಯ ತುದಿಯಿಂದ ಪೇಟೆಯ ಕಡೆ ತೋರಿಸಿದ.

"ದೈವಸ್ಥಾನದ ತೀರ್ಥ ತೆಗೊಂಡು ಒಳಗೆ ಬಾ," ಎಂದರು ಸಂಕಪ್ಪ. "ಆದ್ರೆ ಹೊರಗೆ ಉಳಿದವ ದೀವಟಿಗೆ ಮುಟ್ಲಿಕ್ಕಿಲ್ಲ."

"ಅಯ್ಯೋ, ನಮ್ಮ ಮನೆಯ ಸರದಿ ತಪ್ಪಿ ಹೋಯ್ತಾ ಯಜಮಾನ್ರೆ?"

"ಯಾಕೆ ತಪ್ತದೆ? ನಿನ್ನ ಮನೆಯ ಬೆಲ್ಲ ತಿಂದು, ನಿನ್ನ ಜಗಲಿಯಲ್ಲೇ ಮಲಗಿದವ ಒಬ್ಬ ಉಂಟಲ್ಲ!"

ಆಗಲೇ ತ್ಯಾಂಪಣ್ಣನ ಕಣ್ಣಿಗೆ ಬಿದ್ದದ್ದು, ವಾಲ್ಟರ್ ಉಟ್ಟಿದ್ದ ಬಿಳಿ ಮುಂಡು. ತಾನೇ ಒಗೆದು ಮಡಚಿಟ್ಟದ್ದು.

ವಾಲ್ಟರ್ ಅವನ ಹೆಗಲ ಮೇಲೆ ಮೆಲ್ಲ ಕೈಯಿಟ್ಟ.

"ಬೇಜಾರು ಮಾಡ್ಬೇಡಿ ತ್ಯಾಂಪಣ್ಣ. ನೇಮ ನೋಡ್ಲಿಕ್ಕೆ ಹೊರಗಿನವ್ರಿಗೂ ಜಾಗ ಉಂಟಂತೆ."