ದೋಣಿಗೆ ಹಾಸಿದ ಸಾಗವಾನಿ

ಮರ ಸುಮ್ಮನಿರುತ್ತದೆ, ಅದರ ಸುತ್ತ ಇರುವ ಮನುಷ್ಯರು ಸುಮ್ಮನಿರುವುದಿಲ್ಲ. ರಾಯಚೂರಿನಲ್ಲಿ ಮೂವತ್ತು ವರ್ಷದಿಂದ ಬಾಗಿಲು, ಚೌಕಟ್ಟು, ದೇವರ ಮಂಟಪ ಮಾಡಿಕೊಂಡು ಬಂದ ಬಡಿಗ ನಾನು. ನಗು ಬಾರದೆ ಮುಗಿದ ಕೆಲಸ ಒಂದೂ ಇಲ್ಲ. ಆದರೆ ಹೋದ ವರ್ಷ ಒಂದು ಸಣ್ಣ ದೋಣಿಗೆ ಸಾಗವಾನಿ ಹಲಗೆ ಹಾಸಿದೆನಲ್ಲ, ಆ ಎರಡು ತಿಂಗಳಲ್ಲಿ ಆದಷ್ಟು ನಗು ಹಿಂದೆ ಯಾವತ್ತೂ ಆಗಿಲ್ಲ. ನಕ್ಕವರು ಹೆಚ್ಚಾಗಿ ಬೇರೆಯವರು ಎಂಬುದು ಬೇರೆ ಮಾತು.

೧. ಕೆಲಸ ಬಂದದ್ದು

ದೇವದುರ್ಗದ ಆಚಾರ್ರೊಬ್ಬರು ಅಂಗಡಿಗೆ ಬಂದರು. ಕೃಷ್ಣೆಯ ನಡುಗಡ್ಡೆಯಲ್ಲಿ ಅವರ ಮನೆತನದವರು ಪೂಜೆ ಮಾಡುವ ಸಣ್ಣ ಗುಡಿ ಇದೆ. ಹೋಗಿಬರಲು ಒಂದು ತಗಡಿನ ದೋಣಿ. ನಾಲ್ಕು ವರ್ಷದ ಹಿಂದೆ ಅದರ ಒದ್ದೆ ತಗಡಿನ ಮೇಲೆ ಅವರ ತಾಯಿ ಜಾರಿ ಬಿದ್ದಿದ್ದರು. ಕಾಲು ವಾಸಿಯಾಯಿತು, ಸಿಟ್ಟು ವಾಸಿಯಾಗಲಿಲ್ಲ. ಮತ್ತೆ ಆ ದೋಣಿಯಲ್ಲಿ ಕಾಲಿಟ್ಟಿರಲಿಲ್ಲ.

"ಮದಿವಿ ಆಗಿ ಬಂದಾಗಿಂದ ಆ ದೇವರಿಗೆ ತುಳಸಿ ಮಾಲಿ ಕಟ್ಟಿದಾಕಿ ನಮ್ಮವ್ವ. ಈಗ ಮನ್ಯಾಗ ಕುಂತು ಕಟ್ಟಿ ನನ್ನ ಕೈಯಾಗ ಕಳಸ್ತಾಳ. ಎಂಬತ್ತಾತ್ರೀ ಆಕಿಗೆ. ಒಮ್ಮೆರ ತನ್ನ ಕೈಯಾರೆ ಹಾಕ್ಬೇಕು. ದೋಣಿಗೆ ಜಾರದಂಥ ನೆಲ ಮಾಡಿ ಕೊಡ್ರಿ" ಎಂದರು.

ಆ ಮಾತು ಕೇಳಿ ನಾನು ಅಳತೆ ಕೇಳುವುದನ್ನೂ ಮರೆತೆ.

"ಯಾವಾಗ ಆಗ್ತದ್ರೀ?" ಎಂದರು.

"ನಾಳಿ" ಎಂದೆ. ದೋಣಿಯನ್ನು ಕಣ್ಣಿಂದಲೂ ನೋಡಿರಲಿಲ್ಲ. ಮೂವತ್ತು ವರ್ಷದಿಂದ ಯಾರು ಏನು ಕೇಳಿದರೂ ನನ್ನ ಬಾಯಿಂದ ಮೊದಲು ಬರುವ ಮಾತು ಅದೊಂದೇ.

೨. ಗಬ್ಬೂರಿನ ವಾಸ್ತು

ಮಾನ್ವಿಯಲ್ಲಿ ಒಂದು ಹಳೆ ಮನೆ ಬಿಚ್ಚುತ್ತಿದ್ದರು. ಅದರ ಸಾಗವಾನಿ ತೊಲೆಗಳನ್ನು ತಂದು ಕೊಯ್ಯಿಸಿ, ಹಲಗೆ ಮಾಡಿ, ಟೆಂಪೋದಲ್ಲಿ ಹೇರಿಕೊಂಡು ಹೊರಟೆ. ಗಬ್ಬೂರಿನಲ್ಲಿ ಚಹಕ್ಕೆ ನಿಂತಾಗ ಒಬ್ಬ ಮುದುಕಪ್ಪ ಹಲಗೆ ತಡವಿ ನೋಡಿದ.

"ಭಾರಿ ಮಾಲದ. ಮನಿ ಮಾರಿ ಯಾವ ಕಡಿ, ಮೂಡಲಕ್ಕೋ ಪಡುವಲಕ್ಕೋ?"

"ಮನಿ ಅಲ್ಲ ಯಪ್ಪಾ, ದೋಣಿಗೆ."

"ದೋಣಿ ಆದ್ರ ಏನು, ಅದಕ್ಕೂ ಒಂದು ಮಾರಿ ಇರ್ತದಲ್ಲ?"

"ಹೋಗೋವಾಗ ಉತ್ತರಕ್ಕ, ಬರೋವಾಗ ದಕ್ಷಿಣಕ್ಕ."

ಮುದುಕಪ್ಪ ಚಹ ಪೂರ್ತಿ ಕುಡಿಯುವ ತನಕ ವಿಚಾರ ಮಾಡಿದ. ಆಮೇಲೆ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ: "ದಕ್ಷಿಣ ಮಾರಿ ಛಲೋ ಅಲ್ಲ. ಹೋದವರು ಅಲ್ಲೇ ಇರ್ಲಿ ಅಂತ ಹೇಳು."

೩. ಸಂದು ಬಿಡದ ಕೈ

ನನ್ನ ಬಾಗಿಲಿನ ಎರಡು ಹಲಗೆಗಳ ನಡುವೆ ಇರುವೆ ಸಹ ತೂರಲಾರದು ಎಂದು ರಾಯಚೂರಿನಲ್ಲಿ ಹೆಸರು. ಅದೇ ಜಂಬದಲ್ಲಿ ದೋಣಿಯ ತಗಡಿನ ಮೇಲೆ ಅಡ್ಡಪಟ್ಟಿ ಕೂಡಿಸಿ, ಹಲಗೆಗೆ ಹಲಗೆ ಒತ್ತಿ, ಬಿಗಿಯಾಗಿ ಸ್ಕ್ರೂ ಹೊಡೆದೆ. ದೋಣಿ ನಡೆಸುವ ಅಂಬಿಗ ದಡದಲ್ಲಿ ಕುಳಿತು ಬೀಡಿ ಸೇದುತ್ತಾ ನೋಡುತ್ತಿದ್ದ.

"ಸಂದು ಬಿಡಂಗಿಲ್ಲೇನ್ರಿ?"

"ನನ್ನ ಕೆಲಸದಾಗ ಸಂದು ಇರಂಗಿಲ್ಲ."

ಅವನು ಇನ್ನೊಂದು ಬೀಡಿ ಹಚ್ಚಿದ. ನಾಲ್ಕು ದಿನ ದೋಣಿ ನೀರಲ್ಲಿ ಓಡಾಡಿತು. ಐದನೆಯ ದಿನ ಹೋಗಿ ನೋಡಿದರೆ ಹಲಗೆಗಳೆಲ್ಲ ಉಬ್ಬಿ, ಒಂದನ್ನೊಂದು ನೂಕಿ, ನಡುವೆ ಒಂಟೆಯ ಬೆನ್ನಿನಂತೆ ಎದ್ದಿದ್ದವು. ಆ ಏರಿನ ಮೇಲೆ ಅಂಬಿಗ ಆರಾಮಾಗಿ ಕುಳಿತಿದ್ದ.

"ಮಳಿಗಾಲದಾಗ ಬಾಗಿಲು ಉಬ್ಬತಾವಲ್ರೀ? ಹೊಳ್ಯಾಗ ದಿನಾ ಮಳಿಗಾಲ" ಎಂದ.

"ಮೊದಲೇ ಹೇಳಬಾರದೇನೋ?"

"ಹೇಳೋಣಂತಿದ್ದೆ. ನೀವು ಎಲ್ಲೂ ಸಂದೇ ಬಿಡಲಿಲ್ಲ."

ಎಲ್ಲ ಬಿಚ್ಚಿ, ಸಂದು ಬಿಟ್ಟು, ಅದರಲ್ಲಿ ರಬ್ಬರು ತುಂಬಿ, ಮೊದಲಿಂದ ಹಾಸಿದೆ.

೪. ಬಚ್ಚಲದ ಪರೀಕ್ಷೆ

ಹಲಗೆ ಎದ್ದ ಸುದ್ದಿ ದೇವದುರ್ಗಕ್ಕೆ ನನಗಿಂತ ಮೊದಲೇ ಮುಟ್ಟಿತ್ತು. ಆಚಾರ್ರ ತಾಯಿ ನನ್ನನ್ನು ಕರೆಸಿದರು. "ಏನಪಾ ಬಡಿಗೇರಾ, ತಗಡಿನ ಮ್ಯಾಲೆ ಜಾರಿ ಬಿದ್ದೆ. ನಿನ್ನ ಕಟಿಗಿ ಮ್ಯಾಲೆ ಎಡವಿ ಬೀಳ್ಲೇನು?"

"ಇಲ್ರೀ ಅವ್ವಾರ, ಈಗ ಸಪಾಟ ಆಗ್ಯಾವ."

"ಹಂಗಾರ ಅದರಾಗಿಂದು ಒಂದು ಹಲಗಿ ತಂದು ನಮ್ಮ ಬಚ್ಚಲದಾಗ ಹಾಕು. ಎಂಟು ದಿನ ಅದರ ಮ್ಯಾಲೆ ನಿಂತು ನೋಡ್ತೀನಿ. ಆಮ್ಯಾಲೆ ಮಾತು."

ದೋಣಿ ಹತ್ತುವ ಬದಿಯ ಹಲಗೆಯನ್ನೇ ಬಿಚ್ಚಿ ತಂದು ಕೊಟ್ಟೆ. ಎಂಟು ದಿನ ಬಿಟ್ಟು ಹೋದರೆ ಅವರು ಜಾರಿರಲಿಲ್ಲ, ಆದರೆ ಹಲಗೆ ಮಾತ್ರ ಕೊಡಲೊಲ್ಲರು.

"ಕಾಲಿಗೆ ಬೆಚ್ಚಗದಪಾ. ಇನ್ನೊಂದೆರಡು ದಿನ ಇರ್ಲಿ" ಎಂದರು. ಮಗ ಕೇಳಿದರೂ ಅದೇ, ನಾನು ಕೇಳಿದರೂ ಅದೇ. ಕಡೆಗೆ ನಾನು ಕೈ ಮುಗಿದು, "ಯಾವಾಗ ಕೊಡ್ತೀರಿ ಅವ್ವಾರ?" ಎಂದೆ.

"ನಾಳಿ" ಎಂದರು.

೫. ಹೊಸ್ತಿಲು

ಆ ಹಲಗೆ ಬರುವ ತನಕ ಖಾಲಿ ಜಾಗಕ್ಕೆ ಬೇರೆ ಒಂದು ಹಲಗೆ ಇಟ್ಟೆ. ಕೈ ಸುಮ್ಮನಿರಬೇಕಲ್ಲ, ನೀರು ಒಳಗೆ ಸಿಡಿಯದಿರಲೆಂದು ಹತ್ತುವ ಅಂಚಿಗೆ ನಾಲ್ಕು ಬೆರಳೆತ್ತರದ ಪಟ್ಟಿಯನ್ನೂ ಕೂಡಿಸಿದೆ. ಬಾಗಿಲು ಮಾಡಿದ ಕೈ, ಅದಕ್ಕೆ ಹೊಸ್ತಿಲಿನ ರೂಪವೇ ಬಂತು. ಮರುದಿನ ಯಾರೋ ಅದಕ್ಕೆ ಅರಿಷಿಣ ಕುಂಕುಮ ಹಚ್ಚಿದರು. ಅಲ್ಲಿಗೆ ಮುಗಿಯಿತು. ಗುಡಿಗೆ ಹೋಗುವವರೆಲ್ಲ ಚಪ್ಪಲಿಯನ್ನು ಈ ದಡದಲ್ಲೇ ಬಿಟ್ಟು, ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ತುಳಿಯಬಾರದೆಂದು ಅದನ್ನು ದಾಟಿ ಒಳಗೆ ಜಿಗಿಯತೊಡಗಿದರು.

ಅಂಬಿಗ ಅಂಗಡಿಗೆ ಫೋನು ಹಚ್ಚಿದ. "ಬಡಿಗೇರ್ರೆ, ಒಬ್ಬೊಬ್ರು ಜಿಗಿದಾಗೊಮ್ಮೆ ದೋಣಿ ತೊಟ್ಟಿಲಾಗಾಕತ್ತದ. ಬಂದು ಅದನ್ನ ಕೀಳ್ರಿ."

ಹೋದೆ. ಆದರೆ ಹಾಕಿದ ಹೊಸ್ತಿಲು ಕೀಳಬಾರದು ಎಂದು ಯಾರೂ ಕೀಳಗೊಡಲಿಲ್ಲ. ಕೀಳದೆ, ಸವರಿ ಸವರಿ ನೆಲದ ಸಮಕ್ಕೆ ಇಳಿಸಿದೆ. ಚಪ್ಪಲಿ ಬಿಡುವ ರೂಢಿ ಮಾತ್ರ ಉಳಿಯಿತು. ಚಪ್ಪಲಿ ಈ ದಡದಲ್ಲಿ, ಗುಡಿ ನಡುಗಡ್ಡೆಯಲ್ಲಿ, ಗುಡಿಯ ಸುತ್ತ ನಮ್ಮ ಜಿಲ್ಲೆಯ ಬಿಸಿಲಿಗೆ ಕಾದ ಮರಳು. ಅಷ್ಟು ಚುರುಕಾಗಿ ಪ್ರದಕ್ಷಿಣೆ ಮುಗಿಸಿದ ಭಕ್ತರನ್ನು ನಾನು ಬೇರೆಲ್ಲೂ ಕಂಡಿಲ್ಲ.

೬. ದೇವರ ಮುಂದೆ

ಕಡೆಗೆ ಒಂದು ದಿನ ಬೆಳಿಗ್ಗೆ ಆಚಾರ್ರ ತಾಯಿ ದಡಕ್ಕೆ ಬಂದರು. ಕೈಯಲ್ಲಿ ತುಳಸಿ ಮಾಲೆಯ ಬುಟ್ಟಿ. ಹಿಂದೆ ಮಗ, ಮಗನ ಬಗಲಲ್ಲಿ ಬಚ್ಚಲದ ಹಲಗೆ.

"ಉಳಿದ ಹಲಗಿ ನನಗ ಗುರ್ತಿಲ್ಲ. ಇದರದ್ದು ಗುರ್ತದ. ಇದನ್ನ ಹಾಕು, ಇದರ ಮ್ಯಾಲೇ ಕಾಲಿಡ್ತೀನಿ" ಎಂದರು.

ಶೀಗೆಕಾಯಿ ವಾಸನೆ ಹೊಡೆಯುತ್ತಿದ್ದ ಹಲಗೆಯನ್ನು ಅದರ ಜಾಗದಲ್ಲಿ ಕೂಡಿಸಿದೆ. ಅಂಬಿಗ ಸೊಂಟದ ತನಕ ನೀರಿಗಿಳಿದು ದೋಣಿಯನ್ನು ಅಲುಗದಂತೆ ಹಿಡಿದ. ಅವರು ಬಲಗಾಲು ಎತ್ತಿದರು, ಮತ್ತೆ ಕೆಳಗಿಟ್ಟರು. ಆಚಾರ್ರು ಕಣ್ಣು ಮುಚ್ಚಿಕೊಂಡರು. ನಾನು ಹಲಗೆಯ ಸ್ಕ್ರೂಗಳನ್ನು ಮತ್ತೊಮ್ಮೆ ಎಣಿಸಿದೆ. ಎರಡನೆಯ ಸಲ ಎತ್ತಿದ ಕಾಲು ಹಲಗೆಯ ಮೇಲೆ ಬಂತು, ನಿಂತಿತು, ಜಾರಲಿಲ್ಲ. ಗುಡಿಯ ದಡ ಮುಟ್ಟುವ ತನಕ ಅವರು ಅದರ ಮೇಲೇ ಕುಳಿತರು.

ಗುಡಿಯಲ್ಲಿ ಕೈಯಾರೆ ಮಾಲೆ ಹಾಕಿದರು. ಆಚಾರ್ರು ಅತ್ತರು, ನಾನೂ ಅತ್ತೆ, ನಾಚಿಕೆ ಏನು ಬಂತು. ತಾಯಿ ಮಾತ್ರ ದೇವರ ಮುಂದೆ ಬಹಳ ಹೊತ್ತು ಪಿಸುಗುಡುತ್ತಾ ನಿಂತರು.

ವಾಪಸು ಬರುವಾಗ ಆಚಾರ್ರು ಕೇಳಿದರು: "ಏನ್ ಬೇಡಿಕೊಂಡಿ ಅವ್ವಾ?"

"ಬೇಡೋದೇನಪಾ, ಆತಗ ಲೆಕ್ಕ ಒಪ್ಪಿಸೋದರಾಗ ಸಾಕಾತು. ನಾಕ್ ವರ್ಷ ಯಾಕ ಬರಲಿಲ್ಲ ಅಂದ್ರ ಅಂಜಿದ್ದೆ ಅಂತ ಹೆಂಗ ಹೇಳ್ಲಿ? ಬಡಿಗ ನಾಳಿ ನಾಳಿ ಅಂದ, ಅದಕ್ಕ ತಡ ಆತು ಅಂದೆ."

ಅಂಬಿಗ ಹುಟ್ಟು ಬಿಟ್ಟು ನಗತೊಡಗಿದ. ನಾನು ಗಾಬರಿಯಾಗಿ ಕೇಳಿದೆ: "ಅವ್ವಾರ, ನಾ ಕೆಲಸ ಹಿಡಿದು ಎರಡೇ ತಿಂಗಳಾತಲ್ರೀ! ದೇವರು ನಂಬಿದ್ನೇನ್ರೀ?"

ಅವರು ಹಲಗೆಯನ್ನು ಅಂಗೈಯಿಂದ ಸವರುತ್ತಾ ಅಂದರು: "ಬಡಿಗ ಅಂತಂದ ಕೂಡ್ಲೇ ನಂಬಿದ."