ಒಂಬತ್ತು ಕೊಳ್ಳಿದೆವ್ವ, ಅರ್ಧ ಮೀಸೆ

ಕೊಳ್ಳಿದೆವ್ವವನ್ನು ಕಂಡವರು ಕಂಪ್ಲಿಯಿಂದ ಸಂಡೂರಿನವರೆಗೆ ಸಾವಿರ ಮಂದಿ. ಹಿಡಿದವರು? ಒಬ್ಬರೂ ಇಲ್ಲ! ಆ ಕೀರ್ತಿ ಮೀಸೆ ಇದ್ದವರಿಗೇ ಮೀಸಲು ಎಂದು ಹೊಸಪೇಟೆಯ ಬೆಲ್ಲದ ವ್ಯಾಪಾರಿ ಜಡೆಪ್ಪನವರು ತೀರ್ಮಾನಿಸಿದರು.

ಮದ್ರಾಸಿನಿಂದ ಮಡಿಚುವ ಕ್ಯಾಮೆರಾ ಬಂದ ದಿನವೇ ಪಡಸಾಲೆಯಲ್ಲಿ ನಿಂತು ಗುಡುಗಿದರು: “ಹಂಪಿ ಗುಡ್ಡದಾಗ ಓಡ್ಯಾಡೋ ಬೆಂಕಿ ಉಂಡೀನ ಫೋಟೋದಾಗ ಹಿಡೀತೀನಿ. ಹಿಡೀಲಿಲ್ಲಂದ್ರ ಬಜಾರದಾಗ ಕುಂತು ಅರ್ಧ ಮೀಸಿ ಬೋಳಿಸ್ಕೋತೀನಿ!”

“ಯಾವ ಅರ್ಧ, ಮಾವಾ?” ಎಂದ ಹೆಂಡತಿಯ ತಮ್ಮ ಹೊನ್ನೂರಸ್ವಾಮಿ.

“ಯಾವ ಕಡಿ ಕಂಡ್ರ ನಿನ್ನ ಹೊಟ್ಟಿ ಉರಿತೈತೋ ಆ ಕಡಿ!”

“ಮದಲ ಮಹಾನವಮಿ ಪೂಜಿ ಆಗ್ಲಿ,” ಎಂದರು ಹೆಂಡತಿ ಸಂಗಮ್ಮ. “ಆಮ್ಯಾಲೆ ಆ ಡಬ್ಬಿ ಮುಟ್ರಿ.”

ತಕ್ಕಡಿ, ಕುಡುಗೋಲುಗಳ ಸಾಲಿನಲ್ಲಿ ಕ್ಯಾಮೆರಾವೂ ಕುಳಿತು ಪೂಜೆ ಮಾಡಿಸಿಕೊಂಡಿತು.

ಬಂತು ಅಮಾವಾಸ್ಯೆ! ಭಾವ ಮೈದುನರು ಹಂಪಿಯ ಬಂಡೆಯೊಂದರ ಮರೆಯಲ್ಲಿ ಸೊಳ್ಳೆಗಳಿಗೆ ಊಟ ಬಡಿಸುತ್ತ ಕುಳಿತರು. ಅಷ್ಟರಲ್ಲಿ ಕೆಳಗಿನ ಬಾಳೆತೋಟದ ಅಂಚಿನಲ್ಲಿ ಕೆಂಪು ಬೆಳಕೊಂದು ತೂಗಾಡುತ್ತ ಬಂತು. ಜಡೆಪ್ಪ ಗಡಿಬಿಡಿಯಿಂದ ಕ್ಯಾಮೆರಾದ ಬಾಯಿ ತೆರೆದರು. ಒಳಗಿಂದ ಏನೋ ಬೆಳ್ಳಗೆ ಹಾರಿತು. ಮಂಜಿರಬೇಕು! ಕತ್ತಲಲ್ಲಿ ಫೋಟೋ ತೆಗೆಯಲು ಬೆಳಕಿನ ಪುಡಿ ಎಷ್ಟು ಸುಡಬೇಕೆಂದು ಪುಡಿಯ ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತು. ಎರಡನೇ ಕ್ಲಾಸಿಗೇ ಶಾಲೆಗೆ ಶರಣು ಹೊಡೆದಿದ್ದ ಜಡೆಪ್ಪ ಬೆಲ್ಲದ ಅಳತೆಯಲ್ಲಿ ಒಂದು ಹಿಡಿ ಸುರಿದು ಕಡ್ಡಿ ಗೀರಿದರು.

ಭಗ್!

ಹಂಪಿಗೆ ಹಂಪಿಯೇ ಹಗಲಾಯಿತು. ಕೆಳಗಿನ ಬೆಳಕು “ಯವ್ವೋ, ಕೊಳ್ಳಿದೆವ್ವ!” ಎಂದು ಕಿರುಚಿ ತೋಟದೊಳಗೆ ಓಟ ಕಿತ್ತಿತು.

ಹೊನ್ನೂರಸ್ವಾಮಿ ಹೊಟ್ಟೆ ಹಿಡಿದು ಬಿದ್ದು ಬಿದ್ದು ನಕ್ಕ. “ಲಾಟೀನು ಹಿಡಕಂಡು ನೀರು ಕಟ್ಟಾಕ ಬಂದಾತ ಅಂವ! ಮೀಸಿ ಹೋತು, ಮಾವಾ! ಅಲ್ಲಾ, ಏನೋ ಸುಟ್ಟ ವಾಸನಿ...”

ಜಡೆಪ್ಪ ಮೂಗಿನ ಕೆಳಗೆ ಕೈಯಾಡಿಸಿದರು. ಎಡಮೀಸೆ ಇದ್ದಲ್ಲಿ ವಾಸನೆ ಮಾತ್ರ ಇತ್ತು! “ಚಳಿ ಭಾಳ ಐತಿ,” ಎಂದು ಟವೆಲ್ಲಿನಿಂದ ಬಾಯಿ ಸುತ್ತಿಕೊಂಡರು. ಆಮೇಲೆ ಎಂಟು ದಿನ ಹಲ್ಲುನೋವೆಂದು ಅದನ್ನು ಬಿಚ್ಚಲೇ ಇಲ್ಲ.

ಬಳ್ಳಾರಿಯಿಂದ ಫೋಟೋ ತೊಳೆದು ಬಂತು. ಒಂದಲ್ಲ, ಎರಡಲ್ಲ, ಒಂಬತ್ತು! ಬಂಡೆಯ ಮುಂದೆ ಒಂಬತ್ತು ದುಂಡನೆಯ ಬಿಳಿ ಬೆಳಕುಗಳು ತೇಲುತ್ತಿದ್ದವು!

“ಓಡಿದ್ದು ಮನಷ್ಯಾ ಲೇ!” ಟವೆಲ್ಲಿನೊಳಗಿಂದಲೇ ಜಡೆಪ್ಪ ಗರ್ಜಿಸಿದರು. “ಓಡದ ನಿಂತ್ವಲ್ಲ, ಅವು ದೆವ್ವ!”

ಹೊನ್ನೂರಸ್ವಾಮಿ ಕಾಲಿಗೆ ಬಿದ್ದ. ಬಜಾರವೆಲ್ಲ ಅಂಗಳಕ್ಕೆ ನುಗ್ಗಿತು. ಹಾರ ಬಿತ್ತು, ಕಾಯಿ ಒಡೆಯಿತು!

ಸಂಗಮ್ಮ ಫೋಟೋ ನೋಡಿದವರೇ ಗಂಡನನ್ನು ಅಡುಗೆಮನೆಗೆ ಎಳೆದರು. “ಇದು ನನ್ನ ವಿಭೂತಿ, ರೀ!”

“ಏನಂದಿ?”

“ಪೂಜಿ ದಿನ ತಕ್ಕಡಿಗೆ ಹಚ್ಚಿದಂಗ ನಿಮ್ಮ ಕ್ಯಾಮೆರಾದ ಬಾಯಿ ತೆಗೆದು, ಗಾಜಿನ ಕಣ್ಣಿನ ಸುತ್ತಲೂ ದಪ್ಪಗ ವಿಭೂತಿ ಹಚ್ಚಿದ್ದೆ. ಹಾರಿದ ಪುಡಿ ನಿಮ್ಮ ಬೆಂಕಿಗೆ ಬೆಳಗೈತಿ. ಹೊರಗ ಹೋಗಿ ಹೇಳ್ಲೇನು?”

“ಬ್ಯಾಡ, ನಿನಗ ಕೈ ಮುಗಿತೀನಿ! ನನ್ನ ಮೀಸಿ ಉಳಿಸಿದ್ದೇ ನಿನ್ನ ವಿಭೂತಿ!”

“ಉಳಿದದ್ದು ಎಷ್ಟು, ನೋಡೂಣು?” ಎನ್ನುತ್ತ ಸಂಗಮ್ಮ ಟವೆಲ್ಲು ಎಳೆದೇ ಬಿಟ್ಟರು.

ಮರುದಿನ ಜಡೆಪ್ಪನವರು ಬಜಾರದಲ್ಲಿ ಕ್ಷೌರದ ಪಾಲಪ್ಪನ ಕತ್ತಿಗೆ ಮುಖವೊಡ್ಡಿ ಕುಳಿತಿದ್ದರು. ಆಗಷ್ಟೇ ಕಂಪ್ಲಿಯಿಂದ ಬಂದಿಳಿದ ಬೆಲ್ಲದವನೊಬ್ಬ ಲೊಚಗುಟ್ಟಿದ: “ಪಾಪ, ಪಂಥ ಸೋತ್ರೇನ್ರಿ ಧಣ್ಯಾರ?”

ಸೋಪಿನ ನೊರೆಯ ನಡುವಿನಿಂದ ಬಜಾರ ನಡುಗುವಂತೆ ಗುಡುಗು ಬಂತು: “ಗೆದ್ದೀನಲೇ! ಪಾಲಪ್ಪಾ, ಉಳಿದದ್ದೂ ಜಲ್ದಿ ಬೋಳಿಸು!”